ಅಪ್ಪನಿಗೆ ಅರ್ಧ ತಾಲ್ಲೂಕು ಗೊತ್ತು, ಅದೂ ಬಂಡವಾಳಾನಾ?

ಪ್ರಶ್ನೆ: ನಾನು ಶ್ರೀನಿವಾಸಪುರ ತಾಲ್ಲೂಕಿನವನು, ಬಿ.ಎ. ಕೊನೇ ವರ್ಷ. ಕ್ಲಾಸಲ್ಲಿ ಸೋಷಿಯಲ್ ಕ್ಯಾಪಿಟಲ್, ಅಂದ್ರೆ ಸಾಮಾಜಿಕ ಬಂಡವಾಳದ ಪಾಠ ಆಯ್ತು, ನೋಟ್ಸ್‌ನಲ್ಲಿ ‘ನಂಬಿಕೆ, ಸಂಬಂಧ, ರೂಢಿ’ ಅಂತ ಒಂದೇ ಸಾಲು ಇದೆ. ನಮ್ಮಪ್ಪನಿಗೆ ಎರಡು ಎಕರೆ ಮಾವು ಬಿಟ್ರೆ ಬೇರೇನಿಲ್ಲ, ಆದ್ರೆ ಅರ್ಧ ತಾಲ್ಲೂಕು ಗೊತ್ತು, ಗೊಬ್ಬರದ ಅಂಗಡೀಲಿ ಬರೀ ಮಾತಿನ ಮೇಲೆ ಸಾಲ ಹುಟ್ಟತ್ತೆ. ದೊಡ್ಡಪ್ಪನ ಮಗ ಬೆಂಗಳೂರಲ್ಲಿ ಎಂಬಿಎ ಮಾಡಿ ಚೆನ್ನಾಗಿ ದುಡೀತಾನೆ, ಪಕ್ಕದ ಫ್ಲಾಟ್‌ನವರ ಹೆಸರು ಗೊತ್ತಿಲ್ಲ. ಅಪ್ಪನ ಹತ್ರ ಇರೋದನ್ನ ಬಂಡವಾಳ ಅನ್ನಬಹುದಾ ಅಥವಾ ಇನ್ಫ್ಲುಯೆನ್ಸ್‌ಗೆ ಇಟ್ಟ ಒಳ್ಳೇ ಹೆಸರಾ? ದುಡ್ಡು, ಜಮೀನು, ಡಿಗ್ರಿಗಿಂತ ಇದು ಹೇಗೆ ಬೇರೆ? ಮುಂದೆ ಅದು ನನಗೆ ಬರತ್ತಾ?

ಉತ್ತರ: ಒಳ್ಳೇ ಪ್ರಶ್ನೆ, ಅದರಲ್ಲೂ ಆ ಕೊನೇದು, ಅದನ್ನ ಯಾವ ಟೆಕ್ಸ್ಟ್ ಬುಕ್ಕೂ ಕೇಳಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ನಿಮ್ಮಪ್ಪ ನಾಳೆ ಶ್ರೀನಿವಾಸಪುರ ಬಿಟ್ಟು ವೈಟ್‌ಫೀಲ್ಡ್‌ನಲ್ಲಿ ಮನೆ ಮಾಡಿದ್ರು ಅಂತಿಟ್ಕೊಳ್ಳಿ. ಬ್ಯಾಂಕಲ್ಲಿರೋ ದುಡ್ಡು ಅವರ ಜೊತೇಲೇ ಹೋಗತ್ತೆ, ಒಂದು ಪೈಸಾನೂ ಕಮ್ಮಿ ಆಗಲ್ಲ. ಮಾವಿನ ತೋಪು ಹೋಗಲ್ಲ, ಆದ್ರೆ ಮಾರಿ ದುಡ್ಡು ಮಾಡ್ಕೊಂಡು ಹೋಗಬಹುದು. ಮಾವಿನ ಗಿಡಕ್ಕೆ ಯಾವಾಗ ಔಷಧಿ ಹೊಡೀಬೇಕು, ಕಾಯಿ ಯಾವಾಗ ಕೀಳಬೇಕು ಅನ್ನೋ ಅವರ ತಿಳುವಳಿಕೆ ತಲೇಲೇ ಇರತ್ತೆ, ವೈಟ್‌ಫೀಲ್ಡ್‌ನಲ್ಲಿ ಅದಕ್ಕೆ ಗಿರಾಕಿ ಇಲ್ದೆ ಇರಬಹುದು, ಆದ್ರೆ ಅವರ ಹತ್ರಾನೇ ಇರತ್ತೆ. ಈಗ ಗೊಬ್ಬರದ ಅಂಗಡಿಯ ಆ ಸಾಲ? ಅದನ್ನ ತಗೊಂಡು ಹೋಗೋಕಾಗಲ್ಲ. ಮಾರೋಕಾಗಲ್ಲ. ‘ನನಗಿದ್ದ ನಂಬಿಕೆಯನ್ನ ಇನ್ಮೇಲೆ ಈ ಹುಡುಗನಿಗೆ ಕೊಡ್ರಪ್ಪಾ’ ಅಂತ ಬರೆದುಕೊಟ್ಟು ಹೋಗೋಕೂ ಆಗಲ್ಲ. ಯಾಕಂದ್ರೆ ಅದು ನಿಮ್ಮಪ್ಪನ ಹತ್ರ ಇಲ್ಲ, ಅಂಗಡಿಯವನ ಹತ್ರಾನೂ ಇಲ್ಲ, ಇಬ್ಬರ ಮಧ್ಯೆ ಇದೆ. ಒಬ್ಬರು ಎದ್ದು ಹೋದ್ರೆ ಇನ್ನೊಬ್ಬರ ಕೈಲಿ ಅರ್ಧಾನೂ ಉಳಿಯಲ್ಲ.

ನನ್ನ ಪ್ರಕಾರ ಬೇರೆ ಬಂಡವಾಳಕ್ಕೂ ಇದಕ್ಕೂ ಇರೋ ಮುಖ್ಯ ವ್ಯತ್ಯಾಸ ಇದೊಂದೇ, ಇದಕ್ಕೆ ಒಬ್ಬ ಯಜಮಾನ ಇಲ್ಲ. ಮಿಕ್ಕಿದ್ದೆಲ್ಲಾ ಇದರಿಂದ ಹುಟ್ಟೋದು.

ಪರೀಕ್ಷೆಗೆ ಬೇಕಾಗೋ ಹೆಸರುಗಳನ್ನ ಬೇಗ ಮುಗಿಸಿಬಿಡ್ತೀನಿ. 1916ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಹಳ್ಳಿ ಶಾಲೆಗಳ ಮೇಲ್ವಿಚಾರಕ ಲೈಡಾ ಹ್ಯಾನಿಫನ್ ಅನ್ನೋವ್ರು ಸೋಷಿಯಲ್ ಕ್ಯಾಪಿಟಲ್ ಅನ್ನೋ ಪದ ಬಳಸಿದ್ರು, ಊರಿನ ಜನ ಒಂದು ಕಡೆ ಸೇರೋದು ಶುರುವಾದ್ರೆ ಶಾಲೆನೂ ಸುಧಾರಿಸತ್ತೆ, ಊರೂ ಸುಧಾರಿಸತ್ತೆ ಅಂತ ಅವರ ಮಾತು. 1960ರ ದಶಕದಲ್ಲಿ ಥಿಯೋಡರ್ ಶುಲ್ಟ್ಸ್, ಗ್ಯಾರಿ ಬೆಕರ್ ಇಬ್ಬರೂ ಓದು, ಕೌಶಲ, ಆರೋಗ್ಯ ಇವೂ ಬಂಡವಾಳಾನೇ ಅಂತ ವಾದ ಮಾಡಿ ಮಾನವ ಬಂಡವಾಳ ಅನ್ನೋದನ್ನ ಅರ್ಥಶಾಸ್ತ್ರದೊಳಗೆ ಗಟ್ಟಿಯಾಗಿ ಕೂರಿಸಿದ್ರು. ಫ್ರಾನ್ಸಿನ ಪಿಯರ್ ಬೋರ್ದ್ಯೂ 1980ರ ದಶಕದಲ್ಲಿ ಆರ್ಥಿಕ, ಸಾಂಸ್ಕೃತಿಕ, ಸಾಮಾಜಿಕ ಅಂತ ಮೂರು ಬಗೆ ಮಾಡಿ, ಒಂದನ್ನ ಇನ್ನೊಂದಕ್ಕೆ ಬದಲಾಯಿಸಿಕೊಳ್ಳಬಹುದು, ಮೇಲ್ವರ್ಗದವರು ಅದನ್ನೇ ಮಾಡೋದು ಅಂದ. ಆಮೇಲೆ ಇದನ್ನ ಮುಂದುವರಿಸಿದವರು 1988ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್, 1993ರಲ್ಲಿ ಇಟಲಿ ಬಗ್ಗೆ ಬರೆದ ರಾಬರ್ಟ್ ಪಟ್ನಮ್. ಇವರಲ್ಲಿ ಬೋರ್ದ್ಯೂಗೆ ಇದು ಕೆಲವರ ಕೈಲಿರೋ ಆಯುಧ, ಪಟ್ನಮ್‌ಗೆ ಇದು ಊರಿಗೆಲ್ಲಾ ಸೇರಿದ ಆಸ್ತಿ. ನಿಮ್ಮ ನೋಟ್ಸ್‌ನ ಆ ಒಂದು ಸಾಲು ಪಟ್ನಮ್ ಕಡೆಯಿಂದ ಬಂದಿದ್ದು. ನನಗೆ ವಯಸ್ಸಾದಷ್ಟೂ ಬೋರ್ದ್ಯೂ ಮಾತೇ ಹೆಚ್ಚು ಸರಿ ಅನ್ನಿಸ್ತಾ ಇದೆ, ಯಾಕೆ ಅಂತ ಮುಂದೆ ಗೊತ್ತಾಗತ್ತೆ.

ಕೋಲ್ಮನ್ ಕೊಡೋ ಉದಾಹರಣೆ ನ್ಯೂಯಾರ್ಕಿನ ಹೋಲ್‌ಸೇಲ್ ವಜ್ರದ ವ್ಯಾಪಾರ. ಒಬ್ಬ ವ್ಯಾಪಾರಿ ಇನ್ನೊಬ್ಬನಿಗೆ ಕಲ್ಲು ತುಂಬಿದ ಚೀಲ ಕೊಟ್ಟು ‘ಮನೇಲಿ ಆರಾಮಾಗಿ ನೋಡಿ ಹೇಳು’ ಅಂತಾನೆ, ಇನ್ಷೂರೆನ್ಸ್ ಇಲ್ಲ, ರಸೀದಿ ಇಲ್ಲ, ಒಳಗಿರೋದನ್ನ ಬದಲಾಯಿಸಿದ್ರೆ ಕೇಳೋ ಹಾಗಿಲ್ಲ, ಆದ್ರೂ ಯಾರೂ ಬದಲಾಯಿಸಲ್ಲ, ಯಾಕಂದ್ರೆ ಅವರೆಲ್ಲಾ ಒಂದೇ ಸಮುದಾಯ, ಒಂದೇ ಕಡೆ ವಾಸ, ಒಂದೇ ಪ್ರಾರ್ಥನಾ ಮಂದಿರ, ಅವರವರಲ್ಲೇ ಮದುವೆ. ಮೋಸ ಮಾಡಿದವನು ಬರೀ ವ್ಯಾಪಾರ ಅಲ್ಲ, ನೆಂಟಸ್ತಿಕೆನೂ ಕಳ್ಕೋತಾನೆ. ಇದನ್ನ ನೋಡೋಕೆ ನ್ಯೂಯಾರ್ಕಿಗೆ ಹೋಗೋದು ಬೇಡ, ಕೋಲಾರದ ಎಪಿಎಂಸಿಗೆ ಟೊಮೇಟೊ ಸೀಸನ್‌ನಲ್ಲಿ ಬೆಳಿಗ್ಗೆ ಬನ್ನಿ. ಎಷ್ಟೋ ರೈತರು ಮಾರ್ಕೆಟ್‌ಗೇ ಬರಲ್ಲ, ಬಾಕ್ಸ್‌ಗಳನ್ನ ಟೆಂಪೋಗೆ ಹಾಕಿ ಕಳಿಸ್ತಾರೆ, ಮಂಡಿಯವರು ಹರಾಜು ಹಾಕ್ತಾರೆ, ಎಷ್ಟಕ್ಕೆ ಹೋಯ್ತು ಅಂತ ಫೋನಲ್ಲಿ ಹೇಳ್ತಾರೆ. ಹಣ್ಣು ಅಷ್ಟೊತ್ತಿಗೆ ಬೇರೆ ರಾಜ್ಯದ ದಾರಿ ಹಿಡಿದಿರತ್ತೆ. ಆದ್ರೆ ವಜ್ರದವರಿಗೂ ನಮಗೂ ಒಂದು ವ್ಯತ್ಯಾಸ ಇದೆ, ಅಲ್ಲಿ ಇಬ್ಬರೂ ಸಮಾನರು. ಇಲ್ಲಿ ರೈತ ಬಿತ್ತನೆ ಟೈಮಲ್ಲೇ ಅದೇ ಮಂಡಿಯವರ ಹತ್ರ ಅಡ್ವಾನ್ಸ್ ತಗೊಂಡಿರೋದುಂಟು, ಹಂಗಾಗಿ ಅವನು ನಂಬೋದು ನಂಬಿಕೆಯಿಂದಾನಾ ಬೇರೆ ದಾರಿ ಇಲ್ದೇನಾ ಅಂತ ಹೊರಗಿಂದ ನೋಡೋರಿಗೆ ಗೊತ್ತಾಗಲ್ಲ, ಕೆಲವು ಸಲ ಅವನಿಗೇ ಗೊತ್ತಿರಲ್ಲ.

ಎಲ್ಲಾ ಬಗೆ ಬಂಡವಾಳಾನೂ ಒಂದೇ ಸೂರಿನ ಕೆಳಗೆ ನೋಡಬೇಕಾ? ನಿಮ್ಮೂರಿನ ಡೇರಿಗೆ ಹೋಗಿ. ಬೆಳಿಗ್ಗೆ ಆರು ಗಂಟೆ ಸುಮಾರಿಗೆ ಕ್ಯಾನು, ತಂಬಿಗೆ ಹಿಡ್ಕೊಂಡು ಸಾಲು ನಿಂತಿರತ್ತೆ. ತೂಕದ ಮೆಷಿನ್ನು, ಫ್ಯಾಟ್ ನೋಡೋ ಮೆಷಿನ್ನು, ಕಟ್ಟಡ ಇವೆಲ್ಲಾ ಭೌತಿಕ ಬಂಡವಾಳ. ಬಟವಾಡೆ ದುಡ್ಡು, ಷೇರು ಹಣ, ಸಂಘದ ಉಳಿತಾಯ ಇವು ಹಣಕಾಸಿನದು. ಸೆಕ್ರೆಟರಿಗೆ ಸ್ಯಾಂಪಲ್ ತೆಗೆಯೋಕೆ, ಲೆಕ್ಕ ಬರೆಯೋಕೆ ಬರತ್ತಲ್ಲ, ಅದು ಮಾನವ ಬಂಡವಾಳ. ಈಗ ಸಾಲಿನಲ್ಲಿ ನಿಂತ ಒಬ್ಬ ಹೆಂಗಸು ಸ್ಕ್ರೀನ್ ಮೇಲೆ ಬಂದ ನಂಬರ್ ನೋಡ್ತಾಳೆ, ನಿನ್ನೆಗಿಂತ ಕಮ್ಮಿ ಬಂದಿದೆ, ಹುಬ್ಬು ಗಂಟಿಕ್ಕಿ ‘ಇದೇನಣ್ಣಾ’ ಅಂತಾಳೆ, ಸೆಕ್ರೆಟರಿ ‘ಹಸಿ ಮೇವು ಜಾಸ್ತಿ ಹಾಕಿದ್ಯೇನಮ್ಮಾ’ ಅಂತಾನೆ, ಅವಳು ಹೌದು ಅಂದು ಹೊರಡ್ತಾಳೆ. ಆ ಎರಡು ಮಾತಲ್ಲಿ ಮುಗೀತಲ್ಲ, ಮೆಷಿನ್ ಸುಳ್ಳು ಅಂತ ಜಗಳ ಆಗಲಿಲ್ಲ, ಸೆಕ್ರೆಟರಿ ತನ್ನ ಪಕ್ಷದವರಿಗೆ ಮಾತ್ರ ಜಾಸ್ತಿ ಬರೀತಾನೆ ಅಂತ ಅನುಮಾನ ಏಳಲಿಲ್ಲ, ಸಾಲು ಮುಂದಕ್ಕೆ ಹೋಯ್ತು. ಆ ಸಾಲು ಮುಂದಕ್ಕೆ ಹೋಗೋ ಹಾಗೆ ಮಾಡಿದ್ದೇನಿದೆಯೋ ಅದು ಸಾಮಾಜಿಕ ಬಂಡವಾಳ. ಆಡಿಟ್ ರಿಪೋರ್ಟ್‌ನಲ್ಲಿ ಅದಕ್ಕೆ ಕಾಲಂ ಇರಲ್ಲ. ಅದು ಇಲ್ಲದ ಊರಲ್ಲಿ ಅದೇ ಮೆಷಿನ್, ಅದೇ ಕಟ್ಟಡ ಇದ್ದೂ ಡೇರಿ ಎರಡು ಪಾರ್ಟಿ ಆಗಿ, ಒಂದು ಪಾರ್ಟಿ ಹಾಲು ಖಾಸಗಿ ವ್ಯಾನಿಗೆ ಹೋಗ್ತಿರತ್ತೆ, ಇಂಥ ಊರು ನಿಮ್ಮ ತಾಲ್ಲೂಕಲ್ಲೇ ಸಿಗಬಹುದು.

ನಮ್ಮ ಕೋಲಾರ ಜಿಲ್ಲೆ ಹಾಲಿನ ಜಿಲ್ಲೆ ಆಗಿದ್ದು ಸುಮ್ಮನೆ ಅಲ್ಲ. ಇಲ್ಲಿನ ರಾಜಕಾರಣಿ ಎಂ.ವಿ. ಕೃಷ್ಣಪ್ಪನವರ ಕಾಲದಿಂದ ಮಿಶ್ರ ತಳಿ ಹಸು ಬಂತು, 1970ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಡೇರಿ ಯೋಜನೆ ಬಂತು, ದುಡ್ಡೂ ಬಂತು ತಂತ್ರಜ್ಞಾನಾನೂ ಬಂತು. ಆದ್ರೆ ವರ್ಷಪೂರ್ತಿ ಹರಿಯೋ ನದಿ ಇಲ್ಲದ, ಬೆಳೆ ನಂಬೋ ಹಾಗಿಲ್ಲದ ಈ ಕಡೆ ದಿನಾ ಎರಡು ಹೊತ್ತು ಎಲ್ಲಾ ಕೇರಿಯವರೂ ಒಂದೇ ಕಡೆ ಬಂದು ಹಾಲು ಹಾಕೋ ಅಭ್ಯಾಸ ಇದೆಯಲ್ಲ, ಅದನ್ನ ಯಾವ ಬ್ಯಾಂಕೂ ಕಳಿಸಿಕೊಡಲಿಲ್ಲ, ಅದು ಹಾಕ್ತಾ ಹಾಕ್ತಾ ಆಗಿದ್ದು. ಇಲ್ಲೇ ಎರಡನೇ ವ್ಯತ್ಯಾಸ ಇರೋದು. ಮೆಷಿನ್ ಬಳಸಿದಷ್ಟೂ ಸವೀತದೆ, ದುಡ್ಡು ಖರ್ಚು ಮಾಡಿದಷ್ಟೂ ಕರಗತ್ತೆ. ಇದು ಬಳಸಿದಷ್ಟೂ ಗಟ್ಟಿ, ಬಳಸದೆ ಬಿಟ್ರೆ ಹಾಳು. ಕೆರೆ, ಕಾಡು, ಗೋಮಾಳದಂಥ ಹಂಚಿಕೊಂಡ ಆಸ್ತಿಗಳ ಮೇಲೆ ಕೆಲಸ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ತಗೊಂಡ ಎಲಿನಾರ್ ಆಸ್ಟ್ರಮ್ ಇದನ್ನ ಒತ್ತಿ ಒತ್ತಿ ಹೇಳಿದ್ದಾರೆ.

ಬಳಸದೆ ಬಿಟ್ರೆ ಏನಾಗತ್ತೆ ಅನ್ನೋದಕ್ಕೆ ನಮ್ಮ ಕೆರೆಗಳಿಗಿಂತ ಸಾಕ್ಷಿ ಬೇಕಾ. ಹಿಂದೆ ಕೆರೆ ನೀರು ಬಿಡೋಕೆ ನೀರುಗಂಟಿ ಅಂತ ಒಬ್ಬರು ಇರ್ತಿದ್ರು, ತೂಬು ಯಾವಾಗ ಎತ್ತಬೇಕು, ಯಾವ ಗದ್ದೆಗೆ ಮೊದಲು, ಮಳೆ ಕಮ್ಮಿಯಾದ ವರ್ಷ ಅಚ್ಚುಕಟ್ಟಿನಲ್ಲಿ ಎಷ್ಟು ಭಾಗಕ್ಕೆ ಮಾತ್ರ ನಾಟಿ ಅನ್ನೋದೆಲ್ಲಾ ಅವರ ಕೈಲಿ. ಕಾಲುವೆ ಸರಿಮಾಡೋಕೆ ಮನೆಗೊಂದು ಆಳು ಬರಬೇಕಿತ್ತು. ಆಮೇಲೆ ಬೋರ್‌ವೆಲ್ ಬಂತು. ದುಡ್ಡಿದ್ದವನು ತನ್ನ ಜಮೀನಲ್ಲೇ ಕೊರೆಸಿದ, ಅವನಿಗೆ ನೀರುಗಂಟಿ ಬೇಡ, ಕಾಲುವೆ ಬೇಡ, ಪಕ್ಕದವನ ಜೊತೆ ಮಾತೂ ಬೇಡ. ಅವನು ಬರೋದು ನಿಲ್ಲಿಸಿದ ಮೇಲೆ ಮಿಕ್ಕವರು ಯಾಕೆ ಬರ್ತಾರೆ. ಕೆರೆ ಹೂಳು ತುಂಬ್ತು, ಜಾಲಿ ಬೆಳೀತು, ಒತ್ತುವರಿ ಆಯ್ತು, ಬೋರ್‌ವೆಲ್ ಸಾವಿರ ಅಡಿ ದಾಟ್ತು. ಇದನ್ನ ಬರ ಅಂತ ಮಾತ್ರ ಓದ್ಕೋಬೇಡಿ. ಒಬ್ಬೊಬ್ಬರ ಸ್ವಂತ ಭೌತಿಕ ಬಂಡವಾಳ ಬೆಳೆದು ಎಲ್ಲರದ್ದೂ ಆಗಿದ್ದ ಸಾಮಾಜಿಕ ಬಂಡವಾಳವನ್ನ ತಿಂದು ಹಾಕಿದ ಕಥೆ ಇದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಯಿಂದ ಶುರುವಾಗಿ ಕೋಲಾರದ ಕೆರೆಗಳಿಗೆ ಬರ್ತಾ ಇದೆ, ಅದರ ಗುಣಮಟ್ಟದ ಜಗಳ ಬೇರೆ, ಅದಕ್ಕೆ ಇನ್ನೊಂದು ಉತ್ತರಾನೇ ಬೇಕು. ಇಲ್ಲಿಗೆ ಬೇಕಾದ್ದು ಇಷ್ಟು, ನೀರು ಅಂತರ್ಜಲಕ್ಕೆ ಇಳೀಲಿ, ಕೆರೆಯಿಂದ ನೇರ ಪಂಪ್ ಮಾಡಬಾರದು ಅಂತ ನಿಯಮ ಇದೆ, ಆದ್ರೆ ರಾತ್ರಿ ಮೋಟರ್ ಇಟ್ಟವನನ್ನ ತಡೆಯೋರು ಯಾರು? ಪೈಪ್ ಹಾಕೋಕೆ ಟೆಂಡರ್ ಕರೀಬಹುದು, ನೀರುಗಂಟಿಯ ಮಾತಿಗೆ ಇದ್ದ ಬೆಲೆಗೆ ಟೆಂಡರ್ ಕರೆಯೋಕಾಗಲ್ಲ.

ಹಾಗಂತ ಹಳೇ ಕೆರೆ ವ್ಯವಸ್ಥೆಯನ್ನ ತಲೆ ಮೇಲೆ ಹೊತ್ಕೋಬೇಡಿ. ನೀರುಗಂಟಿ ಸಾಮಾನ್ಯವಾಗಿ ದಲಿತ ಕುಟುಂಬದವರು, ನೀರು ಹಂಚೋ ಕೆಲಸ ಅವರದು, ನೀರು ಬೀಳ್ತಿದ್ದ ಗದ್ದೆ ಹೆಚ್ಚಾಗಿ ಬೇರೆಯವರದು. ‘ಊರೊಟ್ಟಿನ ಕೆಲಸ’ ಅಂದಾಗ ಆ ಊರಲ್ಲಿ ಯಾರ್ಯಾರು ಸೇರಿದ್ರು ಅಂತ ಕೇಳದೆ ಯಾರಾದ್ರೂ ಸಾಮಾಜಿಕ ಬಂಡವಾಳದ ಬಗ್ಗೆ ಭಾಷಣ ಮಾಡಿದ್ರೆ ಎದ್ದು ಬಂದುಬಿಡಿ.

ಈಗ ಇದನ್ನ ಬಂಡವಾಳ ಅನ್ನಬಹುದಾ ಅನ್ನೋ ಪ್ರಶ್ನೆ. ನಿಮಗೆ ಬಂದ ಅನುಮಾನಾನೇ ಇಬ್ಬರು ನೊಬೆಲ್ ಅರ್ಥಶಾಸ್ತ್ರಜ್ಞರಿಗೂ ಬಂದಿತ್ತು. ಕೆನೆತ್ ಆ್ಯರೋ ಹೇಳಿದ್ದು ಏನಂದ್ರೆ, ಬಂಡವಾಳ ಅನ್ನಬೇಕಾದ್ರೆ ಅದು ಕಾಲದಲ್ಲಿ ಉಳೀಬೇಕು, ಮುಂದೆ ಲಾಭ ಬರಲಿ ಅಂತ ಇವತ್ತು ಬೇಕೂಂತ ಏನಾದ್ರೂ ಬಿಟ್ಟುಕೊಟ್ಟಿರಬೇಕು, ಇನ್ನೊಬ್ಬರಿಗೆ ವರ್ಗಾಯಿಸೋಕೆ ಬರಬೇಕು, ಸ್ನೇಹ ಸಂಬಂಧಗಳಲ್ಲಿ ಎರಡನೇದು ಮೂರನೇದು ಎಲ್ಲಿದೆ, ಜನ ಲಾಭಕ್ಕೆ ಅಂತ ನೆಂಟಸ್ತಿಕೆ ಮಾಡ್ತಾರಾ, ಆ ಪದಾನೇ ಬೇಡ ಬಿಡಿ ಅಂತ. ರಾಬರ್ಟ್ ಸೋಲೋ ಇನ್ನೂ ನೇರ, ಎಷ್ಟಿದೆ ಅಂತ ಅಳೆಯೋದು ಹೇಗೆ, ವರ್ಷಕ್ಕೆ ಎಷ್ಟು ಸವೀತದೆ, ರಿಟರ್ನ್ ಎಷ್ಟು ಪರ್ಸೆಂಟು ಅಂತ ಕೇಳಿದ. ಸೋಲೋ ಪ್ರಶ್ನೆಗೆ ಇವತ್ತಿಗೂ ನೆಟ್ಟಗೆ ಉತ್ತರ ಇಲ್ಲ. ಆ್ಯರೋ ಮಾತಲ್ಲಿ ವರ್ಗಾವಣೆ ವಿಷಯ ಸರಿ, ಆದ್ರೆ ಬೇಕೂಂತ ಬಿಟ್ಟುಕೊಡಲ್ಲ ಅನ್ನೋದನ್ನ ನಮ್ಮ ಕಡೆ ಒಂದು ಮದುವೆ ನೋಡಿದ್ರೆ ಹೇಳ್ತಿರಲಿಲ್ಲ ಅನ್ಸತ್ತೆ.

ಮುಯ್ಯಿ ಬರೆಯೋ ಪುಸ್ತಕ ನೋಡಿದ್ದೀರಲ್ಲ. ಕಲ್ಯಾಣ ಮಂಟಪದ ಬಾಗಿಲ ಹತ್ರ ಟೇಬಲ್ ಹಾಕ್ಕೊಂಡು ಒಬ್ಬರು ನಂಬಿಕಸ್ತರು ಕೂತಿರ್ತಾರೆ, ಹೆಸರು, ಊರು, ಮೊತ್ತ, 101, 501, ಕೆಲವು ಕಡೆ ‘ಬೆಳ್ಳಿ ದೀಪ’ ಅಂತಲೂ ಬರೆದಿರತ್ತೆ. ಮದುವೆ ಮುಗಿದ ಮೇಲೆ ಆ ಪುಸ್ತಕ ಬೀರುವಿನಲ್ಲಿ ಜಮೀನಿನ ಪತ್ರದ ಪಕ್ಕ ಹೋಗತ್ತೆ. ಮುಂದೆ ಆ ಮನೆಯವರ ಕಾರ್ಯಕ್ಕೆ ಹೊರಡೋ ಮುಂಚೆ ಅದನ್ನ ತೆಗೆದು ನೋಡಿ, ಅವರು ಹಾಕಿದ್ದಕ್ಕೆ ಒಂದಿಷ್ಟು ಸೇರಿಸಿ ಹಾಕ್ತಾರೆ. ಈ ಸೇರಿಸೋದು ಇದೆಯಲ್ಲ, ಅದನ್ನ ಗಮನಿಸಿ. 501 ಹಾಕಿದವರಿಗೆ ಸರಿಯಾಗಿ 501 ವಾಪಸ್ ಹಾಕಿದ್ರೆ ಲೆಕ್ಕ ಚುಕ್ತಾ, ಇನ್ನು ನಿಮ್ಮ ನಮ್ಮ ಮಧ್ಯೆ ಏನಿಲ್ಲ ಅಂದ ಹಾಗೆ. ಸ್ವಲ್ಪ ಜಾಸ್ತಿ ಹಾಕಿದ್ರೆ ಬಾಕಿ ಉಳೀತು, ಬಾಕಿ ಇದ್ರೆ ಸಂಬಂಧ ಇದೆ. ಬ್ಯಾಂಕಿನ ಸಾಲ ತೀರಿಸೋದಕ್ಕೆ ಇರೋದು, ಈ ಸಾಲ ತೀರದೆ ಇರೋದಕ್ಕೆ ಇರೋದು. ನಾಟಿ, ಕಳೆ, ಕೊಯ್ಲಿಗೆ ಮುಯ್ಯಾಳು ಕಟ್ಟಿಕೊಳ್ತಿದ್ರಲ್ಲ, ಇವತ್ತು ನಿಮ್ಮ ಹೊಲಕ್ಕೆ ನಾವು ನಾಳೆ ನಮ್ಮ ಹೊಲಕ್ಕೆ ನೀವು ಅಂತ, ಅದೂ ಇದೇ ಲೆಕ್ಕ, ಕೂಲಿ ದುಡ್ಡಿನ ಬದಲು ದಿನಗಳಲ್ಲಿ. ಹಂಗಾಗಿ ಹೂಡಿಕೆ ಇಲ್ಲ ಅನ್ನೋಕಾಗಲ್ಲ, ಬರೆದಿಟ್ಟ ಲೆಜರ್ ಸಮೇತ ಇದೆ. ಬಂಡವಾಳ ಅಂತ ಕರೀಬಹುದಾ ಅಂದ್ರೆ ನಾನು ಕರೀಬಹುದು ಅಂತೀನಿ, ಆದ್ರೆ ಹೂಡಿದ ತಕ್ಷಣ ‘ನನಗೇನು ಲಾಭ’ ಅಂತ ಬಾಯಿಬಿಟ್ಟು ಕೇಳಿದ ಕೂಡಲೇ ಅರ್ಧ ಬೆಲೆ ಇಳಿದುಹೋಗೋ ವಿಚಿತ್ರ ಬಂಡವಾಳ.

ಇದನ್ನ ದುಡ್ಡಿಗೆ ಬದಲಾಯಿಸೋದು ಎಲ್ಲರಿಗೂ ಒಂದೇ ರೇಟಿಗೆ ಆಗಲ್ಲ, ಬೋರ್ದ್ಯೂ ಸರಿ ಅಂದಿದ್ದು ಇದಕ್ಕೇ. ಕಂಟ್ರಾಕ್ಟರ್ ಒಬ್ಬ ಊರ ಜಾತ್ರೆಗೆ ಆರ್ಕೆಸ್ಟ್ರಾ ಸ್ಪಾನ್ಸರ್ ಮಾಡಿದ್ರೆ ಆ ದುಡ್ಡು ಮುಂದಿನ ಪಂಚಾಯಿತಿ ಕೆಲಸದಲ್ಲಿ ಬಡ್ಡಿ ಸಮೇತ ಬರತ್ತೆ. ಕೂಲಿ ಮಾಡೋ ಹೆಂಗಸಿಗೂ ಜನ ಗೊತ್ತು, ಬಹುಶಃ ಅವನಿಗಿಂತ ಜಾಸ್ತಿ ಜನ ಪ್ರೀತಿಯಿಂದ ಗೊತ್ತು, ಆದ್ರೆ ಅವಳಿಗೆ ಗೊತ್ತಿರೋರೆಲ್ಲಾ ಅವಳಂಥವರೇ, ಕಷ್ಟ ಬಂದಾಗ ಎಲ್ಲರಿಗೂ ಒಟ್ಟಿಗೇ ಬರತ್ತೆ. ಪಟ್ನಮ್ ಬಾಂಡಿಂಗ್, ಬ್ರಿಡ್ಜಿಂಗ್ ಅಂತ ಎರಡು ಮಾಡ್ತಾನಲ್ಲ, ಒಳಗಿನ ಬಿಗಿ ಮತ್ತು ಹೊರಗಿನ ಸೇತುವೆ, ಅದರ ಅಗತ್ಯ ಇಲ್ಲಿ ಬರೋದು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲೇ ತೋರಿಸಿದ ಹಾಗೆ ಕೆಲಸದ ಸುದ್ದಿ ಹೆಚ್ಚಾಗಿ ಬರೋದು ಆಪ್ತರಿಂದಲ್ಲ, ಅಪರೂಪಕ್ಕೆ ಸಿಗೋ ಪರಿಚಯದವರಿಂದ, ಯಾಕಂದ್ರೆ ಆಪ್ತರಿಗೆ ಗೊತ್ತಿರೋದು ನಮಗೂ ಗೊತ್ತಿರತ್ತೆ.

ಕೆಜಿಎಫ್ ನೋಡಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಮೂರು ಕಿಲೋಮೀಟರಿಗೂ ಆಳ ಹೋಗಿದ್ದ ಶಾಫ್ಟ್‌ಗಳಲ್ಲಿ ನೀರು ತುಂಬ್ತು, ಭೌತಿಕ ಬಂಡವಾಳ ಹೋಯ್ತು. ಅಷ್ಟು ಆಳದ ಬಂಡೆಯಲ್ಲಿ ಕೆಲಸ ಮಾಡೋ ಕೌಶಲ ತಲೆಮಾರುಗಳಿಂದ ಕಲಿತಿದ್ದು, ಅದನ್ನ ಕೇಳೋರಿಲ್ಲ, ಮಾನವ ಬಂಡವಾಳಾನೂ ಒಂದೇ ದಿನಕ್ಕೆ ಬೆಲೆ ಕಳ್ಕೊಂಡ್ತು. ಉಳಿದಿದ್ದು ಲೈನ್ ಮನೆಗಳ ಸಾಲು, ಅಕ್ಕಪಕ್ಕದವರು, ಚರ್ಚು, ದೇವಸ್ಥಾನ, ಯೂನಿಯನ್‌ನ ಹಳೇ ಸ್ನೇಹ. ಬೆಳಗಿನ ಜಾವ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗೋ ಟ್ರೈನ್‌ನಲ್ಲಿ ಒಬ್ಬರು ಇನ್ನೊಬ್ಬರನ್ನ ಕೆಲಸಕ್ಕೆ ಸೇರಿಸಿದ್ರು, ಊರು ಪೂರ್ತಿ ಖಾಲಿ ಆಗದೆ ಉಳೀತು. ಅಂದ್ರೆ ಈ ಬಂಡವಾಳ ಮಿಕ್ಕಿದ್ದೆಲ್ಲಾ ಹೋದ ಮೇಲೂ ಉಳಿಯೋ ಅಂಥದ್ದು. ಆದ್ರೆ ಅದು ಕಳೆದುಹೋದ ಸಂಬಳಾನ ವಾಪಸ್ ತರಲಿಲ್ಲ, ಗೊತ್ತಿದ್ದವರು ಗೊತ್ತಿದ್ದ ಕೆಲಸಕ್ಕೆ ಸೇರಿಸ್ತಾರೆ, ಸೆಕ್ಯೂರಿಟಿಯಲ್ಲಿ ಇರೋನಿಗೆ ಸೆಕ್ಯೂರಿಟಿ ಕೆಲಸದ ಸುದ್ದಿನೇ ಮೊದಲು ಸಿಗೋದು. ಕೈವನ್ ಮುನ್ಷಿ, ಮಾರ್ಕ್ ರೋಸನ್‌ಝ್ವೈಗ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು 2006ರಲ್ಲಿ ಮುಂಬೈ ಬಗ್ಗೆ ಇದಕ್ಕಿಂತ ಕಹಿಯಾದ್ದನ್ನ ತೋರಿಸಿದ್ರು, ಜಾತಿ ಸಂಪರ್ಕದಿಂದ ಗಂಡಸರಿಗೆ ಕಾರ್ಮಿಕ ಕೆಲಸ ಸಿಗ್ತಿದ್ದ ಸಮುದಾಯಗಳಲ್ಲಿ ಗಂಡುಮಕ್ಕಳನ್ನ ಮರಾಠಿ ಶಾಲೆಗೇ ಕಳಿಸ್ತಾ ಹೋದ್ರು, ಆ ಸಂಪರ್ಕದ ಒಳಗೇ ಇರದಿದ್ದ ಹೆಣ್ಣುಮಕ್ಕಳು ಇಂಗ್ಲಿಷ್ ಶಾಲೆ ಸೇರಿ ಮುಂದೆ ಬಂದ್ರು. ಒಂದು ಬಂಡವಾಳ ಜಾಸ್ತಿ ಇದ್ರೆ ಇನ್ನೊಂದಕ್ಕೆ ಅಡ್ಡಗಾಲೂ ಆಗಬಹುದು.

ನಮ್ಮ ಜಿಲ್ಲೆಯ ದೊಡ್ಡ ಪಾಠ ಮಾತ್ರ ಇನ್ನೊಂದು, ಅದನ್ನ ಯಾವ ನೋಟ್ಸ್‌ನಲ್ಲೂ ಬರೆಸಲ್ಲ. ಬಡವರ ಹತ್ರ ಅಡ ಇಡೋಕೆ ಏನೂ ಇಲ್ಲ, ಆದ್ರೆ ನೆರೆಹೊರೆ ಇದೆಯಲ್ಲ, ಅದನ್ನೇ ಅಡ ಇಟ್ಕೋಬಹುದು ಅನ್ನೋದು ಮೈಕ್ರೋಫೈನಾನ್ಸ್‌ನ ಮೂಲ ಐಡಿಯಾ. ಐದಾರು ಜನ ಹೆಂಗಸರ ಗುಂಪು, ಒಬ್ಬಳು ಕಟ್ಟದಿದ್ರೆ ಮಿಕ್ಕವರು ಕಟ್ಟಬೇಕು. ಕೋರ್ಟು ಬೇಡ, ಚಿನ್ನ ಬೇಡ, ಪಕ್ಕದ ಮನೆಯವಳ ಮುಂದೆ ಮುಖ ಎತ್ತೋಕಾಗಲ್ಲ ಅನ್ನೋ ನಾಚಿಕೆನೇ ಸೆಕ್ಯೂರಿಟಿ. ಇದು ಸ್ವಸಹಾಯ ಸಂಘ ಅಲ್ಲ, ಎರಡನ್ನೂ ಕಲಸಬೇಡಿ. ಮೈರಾಡದಂಥ ಸ್ವಯಂಸೇವಾ ಸಂಸ್ಥೆಗಳು 1980ರ ದಶಕದಲ್ಲಿ, ನಮ್ಮ ಬಂಗಾರಪೇಟೆ ಕಡೆಯ ಕಾಮಸಮುದ್ರದಲ್ಲೂ, ಮಾಡಿದ ಸಂಘಗಳಲ್ಲಿ ಹೆಂಗಸರು ಮೊದಲು ತಮ್ಮ ದುಡ್ಡು ಕೂಡಿಸಿ, ತಮ್ಮಲ್ಲೇ ಸಾಲ ಕೊಟ್ಟು, ಯಾರು ಎಂಥವರು ಅಂತ ಗೊತ್ತಾದ ಮೇಲೆ ಬ್ಯಾಂಕಿಗೆ ಹೋಗ್ತಿದ್ರು, 1992ರಲ್ಲಿ ನಬಾರ್ಡ್ ಅದನ್ನೇ ದೇಶಕ್ಕೆಲ್ಲಾ ಹಬ್ಬಿಸೋಕೆ ಹೊರಟಿದ್ದು. ಅಲ್ಲಿ ನಂಬಿಕೆ ಮೊದಲು, ಸಾಲ ಆಮೇಲೆ. ಮೈಕ್ರೋಫೈನಾನ್ಸ್ ಕಂಪನಿಗಳು ಬಂದ ಮೇಲೆ ಸಾಲ ಮೊದಲು, ಗುಂಪು ಅದಕ್ಕಾಗಿ. ಒಂದೇ ಬೀದೀಲಿ ನಾಲ್ಕು ಕಂಪನಿ, ಒಂದರ ಕಂತು ಕಟ್ಟೋಕೆ ಇನ್ನೊಂದರ ಸಾಲ. ರೇಷ್ಮೆ ನೂಲು ತೆಗೆಯೋ ಕೆಲಸ ಮಂಕಾದ ಹೊತ್ತಿಗೆ, 2009ರಲ್ಲಿ ಕೋಲಾರದಲ್ಲಿ ಸ್ಥಳೀಯ ಸಮುದಾಯದ ಸಮಿತಿ ಇನ್ನು ಯಾರೂ ಕಂತು ಕಟ್ಟಬೇಡಿ ಅಂತು. ಕಟ್ಟಲಿಲ್ಲ. ಶಿಡ್ಲಘಟ್ಟ, ರಾಮನಗರ, ಮೈಸೂರಿನಲ್ಲೂ ಹಾಗೇ ಆಯ್ತು.

ಇಲ್ಲಿ ಆಗಿದ್ದನ್ನ ನಿಧಾನಕ್ಕೆ ಬಿಡಿಸಿ ನೋಡಿ. ಕಂತು ಕಟ್ಟಿಸ್ತಿದ್ದ ಶಕ್ತಿ ಮತ್ತು ಕಂತು ನಿಲ್ಲಿಸಿದ ಶಕ್ತಿ ಎರಡೂ ಒಂದೇ. ನಿನ್ನೆವರೆಗೂ ‘ನೀನು ಕಟ್ಟದಿದ್ರೆ ನಮ್ಮೆಲ್ಲರ ಮಾನ ಹೋಗತ್ತೆ’ ಅಂತಿದ್ದ ಬೀದಿ ಇವತ್ತು ‘ನೀನೊಬ್ಬಳೇ ಕಟ್ಟಿದ್ರೆ ನಮ್ಮೆಲ್ಲರ ಮಾನ ಹೋಗತ್ತೆ’ ಅಂತು. ಕಟ್ಟೋಕೆ ಮನಸ್ಸಿದ್ದವಳಿಗೂ ಕಟ್ಟೋಕಾಗದ ಪರಿಸ್ಥಿತಿ. ಒಬ್ಬರ ಸಾಲ ಕೆಟ್ಟರೆ ಬ್ಯಾಂಕಿಗೆ ಒಂದು ಸಾಲ ಕೆಟ್ಟ ಹಾಗೆ, ಇಲ್ಲಿ ಕೆಟ್ಟಿದ್ದು ಬೀದಿ ಬೀದಿನೇ. ಕಂಪನಿಗಳಿಗೆ ಆಘಾತ ಆಯ್ತು, ಸಾಮಾಜಿಕ ಬಂಡವಾಳ ಕುಸೀತು ಅಂತ ಮಾತಾಡಿದ್ರು. ಕುಸಿದಿರಲಿಲ್ಲ ಕಣ್ರೀ, ಗಟ್ಟಿಯಾಗೇ ಇತ್ತು, ಅವರ ಕಡೆ ಇರಲಿಲ್ಲ ಅಷ್ಟೇ. ಯಜಮಾನ ಇಲ್ಲದ ಆಸ್ತಿಯನ್ನ ಅಡ ಇಟ್ಕೊಂಡು ನಮ್ಮದು ಅಂದ್ಕೊಂಡಿದ್ದು ಅವರ ತಪ್ಪು. ಆದ್ರೆ ನಷ್ಟ ಅವರಿಗೆ ಮಾತ್ರ ಆಗಲಿಲ್ಲ, ಆಮೇಲೆ ಆ ಬೀದಿಗಳ ಹೆಂಗಸರಿಗೆ ಸಾಲ ಸಿಗೋದೇ ಕಷ್ಟ ಆಯ್ತು, ಗುಂಪಿನ ಲೀಡರ್ ಆಗಿದ್ದವಳು ಎರಡೂ ಕಡೆಯವರ ಬಾಯಿಗೆ ಬಿದ್ದಳು. ಮುಂದಿನ ವರ್ಷ ಆಂಧ್ರದಲ್ಲಿ ಇನ್ನೂ ದೊಡ್ಡದಾಗಿ ಆಯ್ತು, ನಮ್ಮಲ್ಲಿ 2025ರ ಫೆಬ್ರವರಿಯಲ್ಲಿ ವಸೂಲಿ ಕಿರುಕುಳ ತಡೆಯೋಕೆ ಸುಗ್ರೀವಾಜ್ಞೆನೇ ತರಬೇಕಾಯ್ತು. ಬಡವರ ಹತ್ರ ದುಡ್ಡಿಲ್ಲದಿದ್ರೂ ಸಾಮಾಜಿಕ ಬಂಡವಾಳ ಇದೆ ಅಂತ ಯಾರಾದ್ರೂ ಸೆಮಿನಾರ್‌ನಲ್ಲಿ ಖುಷಿಯಿಂದ ಹೇಳಿದ್ರೆ ನನಗೆ ಕಸಿವಿಸಿ ಆಗೋದು ಇದಕ್ಕೇ, ಇರೋ ಒಂದನ್ನೂ ಅಡ ಇಡಿ ಅಂತಿದ್ದಾರೇನೋ ಅನ್ಸತ್ತೆ.

ಇನ್ಫ್ಲುಯೆನ್ಸ್‌ಗೆ ಬರೋಣ. ನಿಮ್ಮಪ್ಪ ಗೊಬ್ಬರ ಸಾಲಕ್ಕೆ ತರೋದರಿಂದ ಯಾರಿಗೂ ಏನೂ ಕಮ್ಮಿ ಆಗಲ್ಲ, ಅಂಗಡಿಯವನಿಗೂ ಗಿರಾಕಿ ಉಳೀತಾನೆ. ಅದೇ ಪರಿಚಯ ಹಿಡ್ಕೊಂಡು ತಾಲ್ಲೂಕು ಆಫೀಸಲ್ಲಿ ಸರತಿ ಮುರಿದು ಪಹಣಿ ತಿದ್ದಿಸಿದ್ರೆ, ಹಿಂದೆ ನಿಂತಿದ್ದ ಯಾರದೋ ಕೆಲಸ ಇನ್ನೊಂದು ವಾರಕ್ಕೆ ಹೋಯ್ತು. ಸರತಿಯ ಮುಂದೆ ಇರೋನಿಗೆ ಅದು ಸಾಮಾಜಿಕ ಬಂಡವಾಳ, ಹಿಂದೆ ಇರೋನಿಗೆ ಅದು ವಶೀಲಿ. ವಸ್ತು ಒಂದೇ, ನಿಂತ ಜಾಗ ಬೇರೆ. ಯಾರ ಪಾಲಿನದನ್ನ ಕಿತ್ತುಕೊಂಡು ಬಂತು ಅಂತ ನೋಡಿದ್ರೆ ಸಾಮಾನ್ಯವಾಗಿ ಗೊತ್ತಾಗತ್ತೆ.

ಇನ್ನು ಅದು ನಿಮಗೆ ಬರತ್ತಾ ಅನ್ನೋದು. ತೋಪು ಪೌತಿ ಖಾತೆ ಮಾಡಿಸಿದ್ರೆ ಬರತ್ತೆ. ಪರಿಚಯ ಹಾಗೆ ಬರಲ್ಲ, ‘ಇಂಥವರ ಮಗ’ ಅಂತ ಒಂದು ಸಲ, ಎರಡು ಸಲ ಬಾಗಿಲು ತೆಗೀತಾರೆ, ಅದು ಬಡ್ಡಿ ಅಂತ ಇಟ್ಕೊಳ್ಳಿ. ಆಮೇಲೆ ನೀವು ಅವರ ಮನೆ ಕಾರ್ಯಕ್ಕೆ ಹೋದ್ರಾ, ಸಾವಿಗೆ ಹೋದ್ರಾ, ಹೇಳಿದ ದಿನಕ್ಕೆ ದುಡ್ಡು ಕೊಟ್ರಾ ಅನ್ನೋದರ ಮೇಲೆ ನಿಮ್ಮದು ಹೊಸದಾಗಿ ಶುರು. ದೊಡ್ಡಪ್ಪನ ಮಗನಿಗೆ ಬೆಂಗಳೂರಲ್ಲಿ ಏನೂ ಇಲ್ಲ ಅಂತಾನೂ ಅಂದ್ಕೋಬೇಡಿ, ಪಕ್ಕದ ಫ್ಲಾಟ್ ಗೊತ್ತಿಲ್ಲದಿದ್ರೂ ಎಂಬಿಎ ಬ್ಯಾಚ್‌ನ ವಾಟ್ಸಾಪ್ ಗ್ರೂಪ್ ಇರತ್ತೆ, ನಿಮಗೆ ಮುಂದೆ ಕೆಲಸ ಬೇಕಾದಾಗ ಅಪ್ಪನ ಅರ್ಧ ತಾಲ್ಲೂಕಿಗಿಂತ ಅದೇ ಉಪಯೋಗಕ್ಕೆ ಬರಬಹುದು, ಅವನ ಜೊತೆ ಮಾತು ಬಿಡಬೇಡಿ.

ಆದ್ರೆ ಒಂದು ಭಾಗ ಮಾತ್ರ ಕಾನೂನು ಪ್ರಕಾರ ನಿಮ್ಮ ಮನೆ ಬಾಗಿಲಿಗೆ ಬರಬಹುದು, ಜಾಮೀನು. ಅರ್ಧ ತಾಲ್ಲೂಕು ಗೊತ್ತಿರೋರು ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ಯಾರದ್ದೋ ಸಾಲಕ್ಕೆ ಸೈನ್ ಹಾಕದೆ ಇರೋದು ಕಮ್ಮಿ. 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಕರಾರಿನಲ್ಲಿ ಬೇರೆ ಹೇಳಿಲ್ಲದಿದ್ರೆ ಸಾಲ ತಗೊಂಡವನಿಗೆ ಎಷ್ಟು ಹೊಣೆಯೋ ಜಾಮೀನು ನಿಂತವನಿಗೂ ಅಷ್ಟೇ ಹೊಣೆ, ಮೊದಲು ಅವನನ್ನ ಕೇಳಿ ಆಮೇಲೆ ಇವರ ಹತ್ರ ಬನ್ನಿ ಅನ್ನೋಕೂ ಆಗಲ್ಲ. ಹೊಣೆ ಆಗಲೇ ಹುಟ್ಟಿದ್ರೆ, ಮುಂದೆ ಅಪ್ಪನಿಂದ ಬಂದ ಆಸ್ತಿಯ ಮಟ್ಟಿಗೆ ವಾರಸುದಾರರನ್ನೂ ಕೇಳಬಹುದು. ಯಾರ್ಯಾರಿಗೆ, ಎಷ್ಟಕ್ಕೆ, ಯಾವ ಬ್ರ್ಯಾಂಚಲ್ಲಿ ಸೈನ್ ಹಾಕಿದ್ದಾರೆ, ಆ ಸಾಲಗಳು ಮುಗಿದವಾ ಅಂತ ಈಗಲೇ ಕೂತು ಕೇಳಿ ಬರೆದಿಟ್ಕೊಳ್ಳಿ, ಅವರು ಸಿಟ್ಟು ಮಾಡ್ಕೊಂಡ್ರೂ ಪರವಾಗಿಲ್ಲ.